ಶೋಕದ ಆಕರ್ಷಣೆ: ಜಾಯ್ ಡಿವಿಷನ್ ಮೇಳದ ‘ಕ್ಲೋಸರ್’

ಕರುಣರಸದ ಪಾಠ ನಡೆದಿತ್ತು. ಲೋಕದಲ್ಲಿ ದುಃಖವನ್ನು ಕಂಡರೆ ದೂರ ಓಡುವ ಮನುಷ್ಯನು ಕಾವ್ಯದಲ್ಲಿ ಅದೇ ದುಃಖವನ್ನು ಹಣ ಕೊಟ್ಟು ಕೊಂಡು ಓದುವುದೇಕೆ, ನಾಟಕದಲ್ಲಿ ಅದನ್ನು ನಿದ್ದೆಗೆಟ್ಟು ನೋಡುವುದೇಕೆ ಎಂಬ ಹಳೆಯ ಪ್ರಶ್ನೆಯನ್ನು ತರಗತಿಯ ಮುಂದಿಟ್ಟಿದ್ದೆ. ಕೊನೆಯ ಬೆಂಚಿನಲ್ಲಿ ಹುಡುಗನೊಬ್ಬ ಕಪ್ಪು ಅಂಗಿ ತೊಟ್ಟು ಕುಳಿತಿದ್ದ. ಅಂಗಿಯ ಎದೆಯ ಮೇಲೆ, ಒಂದರ ಹಿಂದೊಂದು ನಿಂತ ಬೆಟ್ಟಸಾಲುಗಳಂತೆ, ಬಿಳಿಯ ಗೆರೆಗಳ ಚಿತ್ರವೊಂದಿತ್ತು. ಗಂಟೆ ಹೊಡೆದ ಮೇಲೆ ಅದೇನೆಂದು ಕೇಳಿದೆ. “ಇಂಗ್ಲೆಂಡಿನ ಒಂದು ಬ್ಯಾಂಡ್ ಸರ್. ನೀವು ಕೇಳಿದ ಪ್ರಶ್ನೆಗೆ ಇವರ ಹಾಡೇ ಉತ್ತರ. ಹಾಡಿದವನು ಸತ್ತುಹೋದ. ಅದಕ್ಕೇ ಅಷ್ಟು ಚೆನ್ನಾಗಿದೆ” ಎಂದ.

ಆ ‘ಅದಕ್ಕೇ’ ಎಂಬ ಮಾತು ನನ್ನನ್ನು ಬಿಡಲಿಲ್ಲ. ಒಬ್ಬ ಮನುಷ್ಯನ ಸಾವು ಹಾಡಿಗೆ ಗುಣವಾಗಬಲ್ಲುದೇ? ಆಗಬಲ್ಲುದಾದರೆ ಕೇಳುವ ನಾವು ರಸಿಕರೋ, ಹೆಣದ ಸುತ್ತ ನೆರೆದ ಗುಂಪೋ? ಹುಡುಗನಿಂದಲೇ ಹೆಸರು ಬರೆಸಿಕೊಂಡು ಆ ಮೇಳದ ಎರಡು ಧ್ವನಿಮುದ್ರಿಕೆಗಳನ್ನು ರಜದಲ್ಲಿ ಕೇಳಿದೆ. ಎರಡನೆಯದಾದ ‘ಕ್ಲೋಸರ್’ ಅನ್ನು ಮೊದಲ ಸಲ ಅರ್ಧಕ್ಕೇ ನಿಲ್ಲಿಸಿಬಿಟ್ಟೆನೆಂದು ಒಪ್ಪಿಕೊಳ್ಳಬೇಕು. ಅದರ ಮೊದಲ ಹಾಡು ನನಗೆ ಸಂಗೀತವೆಂದೇ ತೋರಲಿಲ್ಲ. ಮೂರನೆಯ ಸಲ ಕೇಳುತ್ತಿದ್ದಾಗ ಮನೆಯವರು ಊಟಕ್ಕೆ ಕರೆದರು. ಎದ್ದು ಹೋಗಲು ಮನಸ್ಸಾಗಲಿಲ್ಲ. ಮೊದಲ ಸಲಕ್ಕೂ ಮೂರನೆಯ ಸಲಕ್ಕೂ ನಡುವೆ ನಡೆದದ್ದೇನು ಎಂದು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಈ ಬಗೆಯ ಸಂಗೀತಕ್ಕೆ ಅಂಟಿರುವ ಎರಡು ಹೆಸರುಗಳನ್ನು ಮೊದಲು ಬಿಡಿಸಿಕೊಳ್ಳೋಣ. 1976ರ ಸುಮಾರಿಗೆ ಇಂಗ್ಲೆಂಡಿನಲ್ಲಿ ‘ಪಂಕ್’ ಎಂಬ ಹಾಡುಗಾರಿಕೆ ತಲೆಯೆತ್ತಿತು. ಗಿಟಾರಿನ ಮೇಲೆ ಮೂರು ಹಿಡಿತ ಬಂದರೆ ಸಾಕು, ವೇದಿಕೆ ಹತ್ತಿ ಕೂಗಬಹುದು ಎಂಬುದು ಅದರ ಧೈರ್ಯ. ಕೂಗಿಗೆ ಆಯುಸ್ಸು ಕಡಿಮೆ. ಸಿಟ್ಟೆಲ್ಲ ಕೂಗಿ ತೀರಿದ ಮೇಲೆ ಉಳಿಯುವ ಮೌನದಲ್ಲಿ ಏನು ಹಾಡಬೇಕೆಂದು ಯೋಚಿಸಿದವರನ್ನು ‘ಪೋಸ್ಟ್-ಪಂಕ್’, ಎಂದರೆ ಪಂಕಿನ ತರುವಾಯದವರು, ಎಂದು ಕರೆದರು. ಇನ್ನು ‘ಗಾಥಿಕ್’ ಎಂಬ ಶಬ್ದದ ಪಯಣ ದೊಡ್ಡದು. ಗಾಥರು ರೋಮ್ ಸಾಮ್ರಾಜ್ಯವನ್ನು ಮುತ್ತಿದ ಜನ. ಪುನರುಜ್ಜೀವನ ಕಾಲದ ಇಟಲಿಯವರು ಮಧ್ಯಯುಗದ ಚೂಪು ಕಮಾನಿನ ಎತ್ತರದ ಚರ್ಚುಗಳನ್ನು ಅನಾಗರಿಕವೆಂದು ಹಳಿಯಲು ಆ ಹೆಸರನ್ನು ಬಳಸಿದರು. 1764ರಲ್ಲಿ ಹೊರೇಸ್ ವಾಲ್‌ಪೋಲ್ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಎಂಬ ಕಥೆಯನ್ನು ಪ್ರಕಟಿಸಿದ ಮೇಲೆ, ಪಾಳು ಕೋಟೆ, ನೆಲಮಾಳಿಗೆ, ತಲೆಮಾರಿನಿಂದ ಇಳಿದುಬಂದ ಶಾಪ ಇವುಗಳ ಸಾಹಿತ್ಯಕ್ಕೆಲ್ಲ ಅದೇ ಹೆಸರಾಯಿತು. ಬೈಗುಳವೊಂದು ಹೀಗೆ ಬಿರುದಾದದ್ದು ಭಾಷೆಯ ವಿನೋದಗಳಲ್ಲೊಂದು. ಸಂಗೀತಕ್ಕೆ ಆ ಶಬ್ದ ಗಟ್ಟಿಯಾಗಿ ಅಂಟಿಕೊಂಡದ್ದು 1980ರ ದಶಕದ ಮೊದಲ ವರ್ಷಗಳಲ್ಲಿ. ಬಾಹೌಸ್ ಮೇಳ 1979ರಲ್ಲಿ ಡ್ರಾಕುಲಾ ಪಾತ್ರಧಾರಿ ಬೇಲಾ ಲುಗೋಸಿಯ ಹೆಸರಿನಲ್ಲಿ ಒಂಬತ್ತು ನಿಮಿಷಕ್ಕೂ ಮೀರಿದ ಹಾಡನ್ನು ಹೊರತಂದಿತು. 1981ರಲ್ಲಿ ಸೂಸಿ ಮತ್ತು ಬ್ಯಾನ್‌ಷೀಸ್ ಮೇಳದ ‘ಜುಜು’, 1982ರಲ್ಲಿ ಕ್ಯೂರ್ ಮೇಳದ ‘ಪೋರ್ನಾಗ್ರಫಿ’ ಬಂದವು. ಬಳಿಕ ಕಪ್ಪು ಉಡುಪು, ಕಣ್ಣಿಗೆ ಕಾಡಿಗೆ, ಬಾವಲಿ ಎಲ್ಲವೂ ಕೂಡಿಕೊಂಡವು. ನನ್ನ ಅಭಿಪ್ರಾಯದಲ್ಲಿ ಇವುಗಳಲ್ಲಿ ಅರ್ಧ ನಾಟಕದ ವೇಷ. ‘ಕ್ಲೋಸರ್’ನಲ್ಲಿ ಕೋಟೆಯೂ ಇಲ್ಲ, ಬಾವಲಿಯೂ ಇಲ್ಲ. ಹಾಡಿದವರು ಗುಮಾಸ್ತರಂತೆ ಸಾದಾ ಅಂಗಿ ತೊಟ್ಟಿದ್ದರು. ಆದರೂ ಈ ಬಗೆಯ ಸಂಗೀತದ ಮೂಲವನ್ನು ಹುಡುಕುವವರು ಮತ್ತೆ ಮತ್ತೆ ಈ ತಟ್ಟೆಗೇ ಬರುತ್ತಾರೆ.

ಇವರ ಊರು ಮ್ಯಾಂಚೆಸ್ಟರ್ ಮತ್ತು ಅದರ ಸುತ್ತಮುತ್ತ. ನಮ್ಮ ಅಜ್ಜಂದಿರಿಗೆ ಮ್ಯಾಂಚೆಸ್ಟರ್ ಎಂದರೆ ಬಟ್ಟೆ. ಸ್ವದೇಶಿ ಚಳವಳಿಯಲ್ಲಿ ಸುಟ್ಟ ಪರದೇಶಿ ಬಟ್ಟೆಯಲ್ಲಿ ಆ ಸೀಮೆಯ ಗಿರಣಿಗಳದೂ ಇತ್ತು. ಇಪ್ಪತ್ತನೆಯ ಶತಮಾನದ ನಡುವೆ ಆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಕಾರ್ಮಿಕರ ಹಳೆಯ ಸಾಲುಮನೆಗಳನ್ನು 1960ರ ದಶಕದಲ್ಲಿ ಕೆಡವಿ, ಆ ಜನರನ್ನು ಕಾಂಕ್ರೀಟಿನ ಎತ್ತರದ ಕಟ್ಟಡಗಳಿಗೆ ಸಾಗಿಸಿದರು. ಗಿಟಾರ್ ಬಾರಿಸಿದ ಬರ್ನಾರ್ಡ್ ಸಮ್ನರ್ ಸಾಲ್ಫರ್ಡ್‌ನ ಅಂಥ ಬೀದಿಯೊಂದರಲ್ಲಿ ಬೆಳೆದವನು. ತಾನು ಆಡಿದ ಬೀದಿ, ನೆರೆಯವರು, ಎಲ್ಲವೂ ಕಣ್ಣೆದುರಿಗೇ ಇಲ್ಲವಾದುದನ್ನು ಅವನು ತರುವಾಯ ನೆನೆದಿದ್ದಾನೆ. ಮೇಳದವರು ಅಭ್ಯಾಸ ಮಾಡುತ್ತಿದ್ದುದೂ ಕೆಲಸ ನಿಂತುಹೋದ ಹಳೆಯ ಕಟ್ಟಡವೊಂದರಲ್ಲಿಯೇ. ಗಾಥಿಕ್ ಕಥೆಗಾರನಿಗೆ ಪಾಳು ಕೋಟೆ ಹೇಗೋ ಈ ಹುಡುಗರಿಗೆ ಪಾಳು ಗಿರಣಿ ಹಾಗೆ. ಕಲ್ಪಿಸಿಕೊಳ್ಳಬೇಕಾದ ಪ್ರಮೇಯವಿರಲಿಲ್ಲ, ಕಿಟಕಿಯ ಹೊರಗೇ ಇತ್ತು.

1976ರ ಜೂನ್ 4ರಂದು ಮ್ಯಾಂಚೆಸ್ಟರಿನ ಲೆಸ್ಸರ್ ಫ್ರೀ ಟ್ರೇಡ್ ಹಾಲಿನಲ್ಲಿ ಸೆಕ್ಸ್ ಪಿಸ್ಟಲ್ಸ್ ಎಂಬ ಪಂಕ್ ಮೇಳ ಹಾಡಿತು. ಸಭೆ ಚಿಕ್ಕದು. ಅದರಲ್ಲಿ ಸಮ್ನರನೂ ಅವನ ಶಾಲೆಯ ಗೆಳೆಯ ಪೀಟರ್ ಹುಕ್ಕನೂ ಇದ್ದರು. ಹುಕ್ ಮರುದಿನವೇ ಬೇಸ್ ಗಿಟಾರ್ ಕೊಂಡ. ಹಾಡಲು ಇಯಾನ್ ಕರ್ಟಿಸ್, ಡ್ರಮ್ ಬಾರಿಸಲು ಸ್ಟೀಫನ್ ಮಾರಿಸ್ ಸೇರಿದರು. ಇವರಿಬ್ಬರೂ ಹಿಂದೆ ರೇಷ್ಮೆಗೆ ಹೆಸರಾಗಿದ್ದ ಮ್ಯಾಕಲ್ಸ್‌ಫೀಲ್ಡ್ ಎಂಬ ಸಣ್ಣ ಊರಿನವರು. ಮೊದಲು ‘ವಾರ್ಸಾ’ ಎಂದಿದ್ದ ಮೇಳ 1978ರ ಆರಂಭದಲ್ಲಿ ‘ಜಾಯ್ ಡಿವಿಷನ್’ ಆಯಿತು. ನಾಜಿ ಸೆರೆಶಿಬಿರದಲ್ಲಿ ಹೆಂಗಸರನ್ನು ಸೈನಿಕರ ಭೋಗಕ್ಕೆ ಕೂಡಿಹಾಕಿದ್ದ ವಿಭಾಗಕ್ಕೆ ಒಂದು ಕಾದಂಬರಿಯಲ್ಲಿ ಬರುವ ಹೆಸರು ಅದು. ಇದು ನೊಂದವರ ಪಕ್ಷದ ಹೆಸರೆಂದು ಕೆಲವರು ಸಮರ್ಥಿಸುತ್ತಾರೆ. ನಾನು ಸಮರ್ಥಿಸಲಾರೆ. ಇಪ್ಪತ್ತರ ಹುಡುಗರು ಇತರರನ್ನು ಬೆಚ್ಚಿಬೀಳಿಸಲು ಆಯ್ದುಕೊಂಡ ಹೆಸರು ಅದು, ಅಷ್ಟೇ.

ಕರ್ಟಿಸ್ ಹುಟ್ಟಿದ್ದು 1956ರ ಜುಲೈ 15ರಂದು. ಊರಿನ ಉದ್ಯೋಗ ವಿನಿಮಯ ಕಚೇರಿಯಲ್ಲಿ ಅಂಗವೈಕಲ್ಯವುಳ್ಳವರಿಗೆ ಕೆಲಸ ಹುಡುಕಿಕೊಡುವುದು ಅವನ ನೌಕರಿ. ಅಲ್ಲಿಗೆ ಬರುತ್ತಿದ್ದ ಮೂರ್ಛೆರೋಗದ ತರುಣಿಯೊಬ್ಬಳು ಸತ್ತ ಸುದ್ದಿ ತಿಳಿದು ಅವನು ಬರೆದ ಹಾಡು, ‘ಷೀಸ್ ಲಾಸ್ಟ್ ಕಂಟ್ರೋಲ್’, ಅವರ ಮೊದಲ ಧ್ವನಿಮುದ್ರಿಕೆಯಲ್ಲಿದೆ. ಆಮೇಲೆ 1979ರ ಜನವರಿಯಲ್ಲಿ ಅವನಿಗೂ ಅದೇ ರೋಗವೆಂದು ವೈದ್ಯರು ಹೇಳಿದರು. ಓದುಗರು ಈ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇವುಗಳ ಕೆಲಸವಿದೆ.

ಮೊದಲ ಧ್ವನಿಮುದ್ರಿಕೆ 1979ರ ಜೂನಿನಲ್ಲಿ ಹೊರಬಂದ ‘ಅನ್‌ನೋನ್ ಪ್ಲೆಷರ್ಸ್’. ನಮ್ಮ ಹುಡುಗನ ಅಂಗಿಯ ಮೇಲಿದ್ದ ಚಿತ್ರ ಅದರ ಹೊದಿಕೆಯದು. ಅವು ಬೆಟ್ಟಗಳಲ್ಲ. ಕೇಂಬ್ರಿಜ್‌ನಲ್ಲಿ ಜಾಸ್ಲಿನ್ ಬೆಲ್ ಎಂಬ ಸಂಶೋಧನ ವಿದ್ಯಾರ್ಥಿನಿ 1967ರಲ್ಲಿ ಗುರುತಿಸಿದ ಮೊತ್ತಮೊದಲ ಪಲ್ಸಾರಿನ ರೇಡಿಯೋ ಮಿಡಿತಗಳ ನಕ್ಷೆ. ಉರಿದು ಮುಗಿದ ದೊಡ್ಡ ನಕ್ಷತ್ರದ ಅವಶೇಷವೊಂದು ತಿರುಗುತ್ತ, ಸುಮಾರು 1.34 ಸೆಕೆಂಡಿಗೊಮ್ಮೆ ಹೀಗೆ ನಾಡಿ ಮಿಡಿಯುತ್ತದೆ. ಇದನ್ನು ಹೇಳಿದಾಗ ಹುಡುಗ ತನ್ನ ಅಂಗಿಯನ್ನು ತಾನೇ ಬಗ್ಗಿ ನೋಡಿಕೊಂಡ.

ಈ ಎರಡೂ ತಟ್ಟೆಗಳಿಗೆ ಅವುಗಳ ಧ್ವನಿಯನ್ನು ಕೊಟ್ಟವನು ಮೇಳದವನಲ್ಲ. ಮಾರ್ಟಿನ್ ಹ್ಯಾನೆಟ್ ಎಂಬ, ರಸಾಯನಶಾಸ್ತ್ರ ಓದಿದ್ದ ಧ್ವನಿಮುದ್ರಣ ನಿರ್ದೇಶಕ. ಅವನ ಕೆಲಸವನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಆಕರ್ಷಣೆಯ ಗುಟ್ಟು ಬಹುಮಟ್ಟಿಗೆ ಇಲ್ಲಿದೆ. ಮೇಳಗಳು ಸಾಮಾನ್ಯವಾಗಿ ಒಂದೇ ಕೋಣೆಯಲ್ಲಿ ಕೂಡಿ ಬಾರಿಸುತ್ತವೆ. ಒಂದು ವಾದ್ಯದ ನಾದ ಇನ್ನೊಂದರ ಮೈಕಿಗೆ ಸೋರುತ್ತದೆ, ಎಲ್ಲವೂ ಬೆರೆತು ಒಂದು ಬೆಚ್ಚನೆಯ ಗದ್ದಲವಾಗುತ್ತದೆ. ಹ್ಯಾನೆಟ್ಟನಿಗೆ ಈ ಸೋರಿಕೆ ಆಗದು. ಡ್ರಮ್ಮುಗಳನ್ನು ಸಹ ಒಂದೊಂದಾಗಿ ಬಿಡಿಸಿ ಬಾರಿಸಹೇಳಿ ಬೇರೆ ಬೇರೆಯಾಗಿ ಹಿಡಿದ. ಆಗತಾನೆ ಬಂದಿದ್ದ ಡಿಜಿಟಲ್ ಡಿಲೇ ಎಂಬ ಯಂತ್ರವೊಂದಿತ್ತು. ಕೇಳಿದ ನಾದವನ್ನು ಅದು ಕ್ಷಣದ ಸಣ್ಣದೊಂದು ಪಾಲು ತಡೆದು ಮರಳಿ ಕೊಡುತ್ತದೆ. ತಡ ಬಹಳ ಕಡಿಮೆಯಾದರೆ ಕಿವಿಗೆ ಅದು ಪ್ರತಿಧ್ವನಿಯೆಂದು ತಿಳಿಯುವುದಿಲ್ಲ, ನಾದದ ಸುತ್ತ ಗೋಡೆಗಳು ಎದ್ದಂತೆ ತೋರುತ್ತದೆ. ಹೀಗೆ ಹ್ಯಾನೆಟ್ ವಾದ್ಯಕ್ಕೊಂದು ಕೋಣೆ ಕಟ್ಟಿದ. ಡ್ರಮ್ ಒಂದು ದೊಡ್ಡ ಖಾಲಿ ಹಜಾರದಲ್ಲಿ, ಹಾಡು ಇನ್ನೊಂದು ಕಲ್ಲಿನ ಓಣಿಯಲ್ಲಿ. ಕಛೇರಿಯಲ್ಲಿ ನಾವು ತಂಬೂರಿಯ ಶ್ರುತಿಗೆ ಒಗ್ಗಿದವರು. ಹಾಡುಗಾರ ಉಸಿರೆಳೆದುಕೊಳ್ಳುವಾಗಲೂ ಬಯಲು ಬರಿದಾಗುವುದಿಲ್ಲ, ಶ್ರುತಿ ಅದನ್ನು ತುಂಬಿರುತ್ತದೆ. ಇಲ್ಲಿ ಆ ಬರಿದನ್ನು ತುಂಬುವವರಿಲ್ಲ. ಮೊದಲ ಸಲ ನನಗೆ ಇದು ಸಂಗೀತವೆಂದು ತೋರದಿದ್ದುದಕ್ಕೆ ಕಾರಣ ಇದೇ ಇರಬೇಕು.

ಸ್ವಾರಸ್ಯವೆಂದರೆ ಹುಕ್, ಸಮ್ನರ್ ಇಬ್ಬರಿಗೂ ಮೊದಲ ತಟ್ಟೆ ಹಿಡಿಸಲಿಲ್ಲ. ವೇದಿಕೆಯ ಮೇಲಿನ ತಮ್ಮ ಆರ್ಭಟವನ್ನೆಲ್ಲ ಈತ ಹಿಂಡಿ ತೆಗೆದನೆಂದು ಕೊರಗಿದರು. ಹುಕ್ಕನ ವಾದನದ ವೈಶಿಷ್ಟ್ಯವೂ ಆಕಸ್ಮಿಕವಾಗಿ ಹುಟ್ಟಿದ್ದು. ಸಮ್ನರನ ಗಿಟಾರಿನ ಅಬ್ಬರದಲ್ಲಿ ತನ್ನ ಬೇಸ್ ತನಗೇ ಕೇಳದೆ, ಅವನು ಮೇಲಿನ ಸ್ಥಾಯಿಗೆ ಹೋಗಿ ಬಾರಿಸತೊಡಗಿದ. ಅದರಿಂದ ತಳಪಾಯವಾಗಬೇಕಾದ ವಾದ್ಯವೇ ರಾಗವನ್ನು ಹೊತ್ತಿತು, ಗಿಟಾರ್ ಅಲ್ಲಲ್ಲಿ ಗೀರು ಎಳೆದು ಸುಮ್ಮನಾಯಿತು. ಮನೆಯ ಅಡಿಪಾಯ ಮಾಡಿನ ಮೇಲೆ ನಡೆದಾಡಿದಂಥ ಈ ತಲೆಕೆಳಗು ಬೇರೆ ಮೇಳಗಳಲ್ಲಿ ಅಪರೂಪ.

‘ಕ್ಲೋಸರ್’ ಸಿದ್ಧವಾದದ್ದು 1980ರ ಮಾರ್ಚಿ 18ರಿಂದ 30ರವರೆಗೆ, ಲಂಡನ್ನಿನ ಬ್ರಿಟಾನಿಯಾ ರೋ ಎಂಬ ಧ್ವನಿಮುದ್ರಣಶಾಲೆಯಲ್ಲಿ. ನಾಲ್ವರ ವಯಸ್ಸೂ 22ರಿಂದ 24ರೊಳಗೆ. ಇಂಗ್ಲಿಷಿನಲ್ಲಿ ಆ ಹೆಸರಿನ ಅಕ್ಷರಗಳನ್ನು ಎರಡು ಬಗೆಯಾಗಿ ಉಚ್ಚರಿಸಬಹುದು. ಒಂದು ಬಗೆಯಲ್ಲಿ ‘ಇನ್ನೂ ಹತ್ತಿರ’, ಇನ್ನೊಂದರಲ್ಲಿ ‘ಮುಚ್ಚುವುದು’. ಒಂಬತ್ತು ಹಾಡು, ಸುಮಾರು 44 ನಿಮಿಷ. ಮೊದಲ ಮಗ್ಗುಲಲ್ಲಿ ಐದು, ಎರಡನೆಯದರಲ್ಲಿ ನಾಲ್ಕು.

ಮೊದಲ ಹಾಡಿಗೆ ಜೆ. ಜಿ. ಬ್ಯಾಲಾರ್ಡನ 1970ರ ಪುಸ್ತಕದ ಹೆಸರು, ‘ದಿ ಅಟ್ರಾಸಿಟಿ ಎಕ್ಸಿಬಿಷನ್’, ಎಂದರೆ ಕ್ರೌರ್ಯದ ಪ್ರದರ್ಶನ. ಇದರಲ್ಲಿ ಹುಕ್, ಸಮ್ನರ್ ತಮ್ಮ ವಾದ್ಯಗಳನ್ನು ಅದಲುಬದಲು ಮಾಡಿಕೊಂಡಿದ್ದಾರೆ. ಡ್ರಮ್ ಉರುಳುತ್ತಲೇ ಇರುತ್ತದೆ, ಗಿಟಾರ್ ಕಬ್ಬಿಣ ಕೊಯ್ದಂತೆ ಕಿರುಚುತ್ತದೆ. ಹಾಡುವವನು ಬಾಗಿಲಲ್ಲಿ ನಿಂತ ಕಾವಲುಗಾರನಂತೆ, ಒಳಗೆ ಬನ್ನಿರೆಂದು ನಮ್ಮನ್ನು ಕರೆಯುತ್ತಾನೆ. ಒಳಗಿರುವುದು ಹುಚ್ಚಾಸ್ಪತ್ರೆ, ಮೈ ತಿರುಚುವ ಮನುಷ್ಯರು, ದುಡ್ಡು ಕೊಟ್ಟು ನೋಡಲು ಬಂದವರು. ಲಂಡನ್ನಿನ ಬೆಡ್‌ಲಾಮ್ ಆಸ್ಪತ್ರೆಯಲ್ಲಿ ಹದಿನೆಂಟನೆಯ ಶತಮಾನದಲ್ಲಿ ಜನ ಹೀಗೆಯೇ ರೋಗಿಗಳನ್ನು ನೋಡಲು ಹೋಗುತ್ತಿದ್ದುದು ಇತಿಹಾಸ. ಈ ಹಾಡನ್ನು ನಾನು ಬಹಳ ತಡವಾಗಿ ಅರಿತೆ. ಕರ್ಟಿಸ್ ವೇದಿಕೆಯ ಮೇಲೆ ಕೈಗಳನ್ನು ಬೀಸಿ ಕುಣಿಯುತ್ತಿದ್ದ. ರೋಗ ಬಲಿತ ಮೇಲೆ ಕುಣಿತ ಎಲ್ಲಿ ಮುಗಿಯಿತು, ಮೂರ್ಛೆ ಎಲ್ಲಿ ಮೊದಲಾಯಿತು ಎಂದು ಸಭಿಕರಿಗೆ ತಿಳಿಯುತ್ತಿರಲಿಲ್ಲ. ಅವರು ಚಪ್ಪಾಳೆ ತಟ್ಟುತ್ತಿದ್ದರು. ಹೀಗಿರಲು, ತಟ್ಟೆಯ ಬಾಗಿಲಲ್ಲೇ ಅವನು ನಮ್ಮನ್ನು ತಡೆದು, ‘ನೀವು ನೋಡಲು ಬಂದಿರುವುದೇನನ್ನು?’ ಎಂದು ಕೇಳಿದಂತಾಯಿತು. ನನ್ನ ಪ್ರಶ್ನೆಯನ್ನು ನನಗಿಂತ ಮೊದಲೇ ಆ ಹಾಡು ಕೇಳಿತ್ತು.

ಎರಡನೆಯ ಹಾಡು ‘ಐಸೊಲೇಷನ್’, ಏಕಾಂತ. ಮೂರು ನಿಮಿಷಕ್ಕೂ ಕಡಿಮೆ. ಕಣ್ಣು ಮುಚ್ಚಿ ಕೇಳಿದರೆ ಯಾವುದೋ ಜಾತ್ರೆಯ ತಿರುಗುಣಿಯ ಸಂಗೀತದಂತೆ ಗೆಲುವಾಗಿದೆ. ವಿದ್ಯುತ್ ಡ್ರಮ್ಮಿನ ಚುರುಕಾದ ಗತಿ, ಸಿಂಥಸೈಜರಿನ ಹೊಳಪು. ಅದರ ಮೇಲೆ ಒಬ್ಬನು ತಾಯಿಯನ್ನು ನೆನೆದು ನಾಚಿಕೆ, ಸೋಲುಗಳನ್ನು ಒಪ್ಪಿಸುತ್ತಿರುತ್ತಾನೆ. ಮಾತಿಗೂ ವಾದ್ಯಕ್ಕೂ ಪರಿಚಯವೇ ಇಲ್ಲ. ಮುಂದಿನ ಮೂರು ಹಾಡುಗಳನ್ನು ಇಲ್ಲಿ ವಿಸ್ತರಿಸುವುದಿಲ್ಲ. ‘ಪಾಸೋವರ್’ ನಿಧಾನವಾಗಿ ಹಿಡಿಯುವ ಹಾಡು. ‘ಕಾಲೊನಿ’ ನನಗೆ ಈಗಲೂ ಒರಟೆನಿಸುತ್ತದೆ.

ತಟ್ಟೆಯನ್ನು ತಿರುವಿಹಾಕಿದ ಮೇಲೆ ಬೇರೊಂದು ಲೋಕ. ‘ಹಾರ್ಟ್ ಅಂಡ್ ಸೋಲ್’ನಲ್ಲಿ ಬೇಸ್ ಮತ್ತು ಡ್ರಮ್ ಅಕ್ಕಪಕ್ಕದಲ್ಲಿ ನಡೆಯುತ್ತವೆ, ಹಾಡು ಮಾತ್ರ ಬಾವಿಯೊಳಗಿಂದ ಬಂದಂತೆ ದೂರ. ‘ಟ್ವೆಂಟಿ ಫೋರ್ ಅವರ್ಸ್’ ಒಮ್ಮೆ ನಡೆದು, ಒಮ್ಮೆ ಓಡಿ, ಮತ್ತೆ ನಿಂತು ಏದುಸಿರು ಬಿಡುತ್ತದೆ. ಹುಕ್ಕನ ವಾದನ ಇಲ್ಲಿರುವಷ್ಟು ಆರ್ತವಾಗಿ ಬೇರೆಲ್ಲೂ ಇಲ್ಲವೆಂದು ನನ್ನ ಎಣಿಕೆ. ಬಳಿಕ ‘ದಿ ಇಟರ್ನಲ್’. ಪಿಯಾನೋದ ಕೆಲವೇ ಸ್ವರಗಳು, ಹಿನ್ನೆಲೆಯಲ್ಲಿ ಮಳೆಯೋ ಬೆಂಕಿಯೋ ತಿಳಿಯದ ಸಣ್ಣ ಸಿಡಿತ, ಶವಯಾತ್ರೆಯ ನಡಿಗೆ. ಇದನ್ನು ಕೇಳಿದವರೆಲ್ಲ ಕವಿ ತನ್ನ ಸಾವನ್ನೇ ಕಂಡನೆಂದು ತಿಳಿಯುತ್ತಾರೆ. ಆದರೆ ಸಮ್ನರ್ ಹೇಳಿರುವ ಸಂಗತಿ ಬೇರೆ. ಕರ್ಟಿಸ್ ಚಿಕ್ಕವನಿದ್ದಾಗ ನೆರೆಯಲ್ಲಿ ಡೌನ್ ಸಿಂಡ್ರೋಮ್ ಇದ್ದ ಹುಡುಗನೊಬ್ಬನಿದ್ದ. ಅವನ ಪಾಲಿಗೆ ಪ್ರಪಂಚವೆಂದರೆ ಮನೆಯಿಂದ ತೋಟದ ಗೋಡೆಯವರೆಗೆ. ಎಷ್ಟೋ ವರ್ಷಗಳ ಮೇಲೆ ಕರ್ಟಿಸ್ ಆ ಬೀದಿಗೆ ಮರಳಿದಾಗ ಅವನು ಅಲ್ಲಿಯೇ, ಆ ಗೋಡೆಯೊಳಗೇ ಇದ್ದ. ಹಾಡು ಹುಟ್ಟಿದ್ದು ಅಲ್ಲಿ. ಕೊನೆಯದು ‘ಡೆಕೇಡ್ಸ್’. ವಯಸ್ಸಿಗೆ ಮೀರಿ ಬಳಲಿದ ತರುಣರ ಹಾಡು. ಸಿಂಥಸೈಜರಿನ ಅಲೆ ಆರು ನಿಮಿಷ ಏರಿ ಇಳಿದು, ಯಾರೂ ಬಾಗಿಲು ಮುಚ್ಚದೆ ಎದ್ದುಹೋದ ಮನೆಯಂತೆ ನಿಲ್ಲುತ್ತದೆ.

1980ರ ಮೇ 18ರಂದು, ಅಮೆರಿಕದ ಪ್ರವಾಸಕ್ಕೆ ಹೊರಡಬೇಕಿದ್ದುದರ ಹಿಂದಿನ ದಿನ, ಇಯಾನ್ ಕರ್ಟಿಸ್ ಆತ್ಮಹತ್ಯೆ ಮಾಡಿಕೊಂಡ. 23 ವರ್ಷ. ಹೆಂಡತಿ ಡೆಬೊರಾ, ಒಂದು ವರ್ಷ ತುಂಬಿದ ಮಗಳು. ಸರಿಯಾಗಿ ಎರಡು ತಿಂಗಳ ಮೇಲೆ, ಜುಲೈ 18ರಂದು ‘ಕ್ಲೋಸರ್’ ಹೊರಬಿತ್ತು. ಬ್ರಿಟನ್ನಿನ ಪಟ್ಟಿಯಲ್ಲಿ 6ನೆಯ ಸ್ಥಾನಕ್ಕೇರಿತು. ಅದರ ಹೊದಿಕೆಯ ಮೇಲೆ, ಇಟಲಿಯ ಜೆನೋವಾ ನಗರದ ಸ್ಟಾಲಿಯೆನೊ ಸ್ಮಶಾನದಲ್ಲಿರುವ ಆಪಿಯಾನಿ ಮನೆತನದ ಸಮಾಧಿಯ ಛಾಯಾಚಿತ್ರವಿತ್ತು. ತೆಗೆದವನು ಬರ್ನಾರ್ ಪಿಯೆರ್ ವೋಲ್ಫ್. ಮಲಗಿದ ದೇಹದ ಮುಂದೆ ಶೋಕದಿಂದ ಬಾಗಿದ ಕಲ್ಲಿನ ಆಕೃತಿಗಳು. ಸಾವಿನ ಲಾಭ ಪಡೆದರೆಂದು ಆಕ್ಷೇಪಿಸಿದವರುಂಟು. ಆದರೆ ಆ ಚಿತ್ರವನ್ನು ಮೇಳದವರು ಕರ್ಟಿಸ್ ಬದುಕಿದ್ದಾಗಲೇ ಒಪ್ಪಿದ್ದರು. ಹೊದಿಕೆಯನ್ನು ರೂಪಿಸಿದವರಲ್ಲೊಬ್ಬನಾದ ಪೀಟರ್ ಸ್ಯಾವಿಲ್, ಸಾವಿನ ಸುದ್ದಿ ತಿಳಿದಾಗ ‘ನಮ್ಮ ಹೊದಿಕೆಯ ಮೇಲೆ ಸಮಾಧಿ ಇದೆಯಲ್ಲ’ ಎಂದು ಕಳವಳಗೊಂಡುದನ್ನು ಹೇಳಿಕೊಂಡಿದ್ದಾನೆ.

ನಮ್ಮ ಹುಡುಗನ ‘ಅದಕ್ಕೇ’ ಹುಟ್ಟುವುದು ಈ ಕಾಲಕ್ರಮದಿಂದ. ಜುಲೈಯಲ್ಲಿ ಕೊಂಡವರು ಮೇ ತಿಂಗಳನ್ನು ಬಲ್ಲವರು. ಅಂದಿನಿಂದ ಎಲ್ಲರೂ ಈ ತಟ್ಟೆಯನ್ನು ಹಿಂದುಮುಂದಾಗಿ, ಸಾವಿನಿಂದ ಹಾಡಿನ ಕಡೆಗೆ ಕೇಳುತ್ತ ಬಂದಿದ್ದಾರೆ. ಪ್ರತಿ ಸಾಲೂ ಮರಣಪತ್ರದಂತೆ ತೋರುತ್ತದೆ. ಆದರೆ ಮಾರ್ಚಿ 30ಕ್ಕೆ ತಟ್ಟೆ ಪೂರ್ಣವಾಗಿತ್ತು. ಕರ್ಟಿಸ್ ಮರುದಿನವೇ ಗುಣಹೊಂದಿ ಇಂದಿಗೂ ಮ್ಯಾಕಲ್ಸ್‌ಫೀಲ್ಡಿನಲ್ಲಿ ಬದುಕಿದ್ದನೆಂದು ಎಣಿಸೋಣ. ‘ದಿ ಇಟರ್ನಲ್’ನ ಒಂದು ಸ್ವರವಾದರೂ ಬದಲಾಗುತ್ತಿತ್ತೇ?

ಇಲ್ಲಿ ನಮ್ಮ ಮೀಮಾಂಸಕರ ಮಾತು ನೆರವಾಗುತ್ತದೆ, ಒಂದು ಮಿತಿಯವರೆಗೆ. ಕ್ರೌಂಚದ ಅಳಲನ್ನು ಕಂಡ ವಾಲ್ಮೀಕಿಯ ಶೋಕ ಶ್ಲೋಕವಾಯಿತೆಂದು ಆನಂದವರ್ಧನ ಹೇಳಿದ. ಅದನ್ನು ವಿವರಿಸುವ ಅಭಿನವಗುಪ್ತ, ಅದು ಮುನಿಯ ಸ್ವಂತ ಶೋಕವೆಂದು ತಿಳಿಯಬಾರದೆಂದು ಎಚ್ಚರಿಸುತ್ತಾನೆ. ತಾನೇ ದುಃಖದಲ್ಲಿ ಮುಳುಗಿದವನಿಗೆ ಕಾವ್ಯ ಕಟ್ಟುವ ಬಿಡುವೆಲ್ಲಿಯದು? ಶೋಕವು ಇಂಥವನದು ಎಂಬ ಅಂಟನ್ನು ಕಳಚಿಕೊಂಡು ಸಾಧಾರಣವಾದಾಗಲೇ ರಸ. ಮೂರ್ಛೆರೋಗದ ತರುಣಿಯ ಹಾಡಿಗೂ ಗೋಡೆಯೊಳಗಿನ ಹುಡುಗನ ಹಾಡಿಗೂ ಇದು ಅಳತೆಗೆ ಹೊಲಿದಂತೆ ಹೊಂದುತ್ತದೆ. ಅಲ್ಲಿ ಕರ್ಟಿಸ್ ಪರರ ನೋವನ್ನು ಕಂಡವನು. ಆದರೆ ‘ಐಸೊಲೇಷನ್’? ಅಷ್ಟು ಹೊತ್ತಿಗೆ ರೋಗ ಅವನದೇ, ಒಡೆಯುತ್ತಿದ್ದ ದಾಂಪತ್ಯವೂ ಅವನದೇ. ಡೆಬೊರಾ 1995ರಲ್ಲಿ ಬರೆದ ಪುಸ್ತಕವನ್ನು ಓದಿದ ಮೇಲೆ ಇದು ಸಾಧಾರಣೀಕರಣ ಎಂದು ಹೇಳಿ ಕೈ ತೊಳೆದುಕೊಳ್ಳಲು ನನಗಂತೂ ಆಗಲಿಲ್ಲ. ಬೇಟೆಗಾರನ ಬಾಣ ತಗುಲಿದ ಹಕ್ಕಿಯೇ ಶ್ಲೋಕವನ್ನು ಹೇಳಿದರೆ ಏನೆನ್ನಬೇಕು ಎಂಬುದಕ್ಕೆ ಶಾಸ್ತ್ರದಲ್ಲಿ ನೇರವಾದ ಉತ್ತರವಿಲ್ಲ.

ಉತ್ತರವನ್ನು ತಟ್ಟೆಯಲ್ಲಿಯೇ ಹುಡುಕಬೇಕಾಯಿತು. ಸಿನಿಮಾದಲ್ಲಿ ನಾಯಕ ಅತ್ತರೆ ಪಿಟೀಲುಗಳೂ ಅಳುತ್ತವೆ; ನಾವು ಅಳುವುದು ತಪ್ಪಿದರೆ ಎಂಬ ಭಯ ಸಂಗೀತ ನಿರ್ದೇಶಕನಿಗೆ. ‘ಕ್ಲೋಸರ್’ನಲ್ಲಿ ಯಾವ ವಾದ್ಯವೂ ಹಾಡುವವನೊಂದಿಗೆ ಅಳುವುದಿಲ್ಲ. ಮಾರಿಸನ ಡ್ರಮ್ ಮಗ್ಗದಂತೆ ತನ್ನ ಲೆಕ್ಕದಲ್ಲಿ ನಡೆಯುತ್ತದೆ. ಬೇಸ್ ತನ್ನದೇ ರಾಗದಲ್ಲಿದೆ. ಸಿಂಥಸೈಜರ್ ಹೊಳೆಯುತ್ತದೆ. ನಡುವೆ ಒಬ್ಬನು ತಗ್ಗಿದ ದನಿಯಲ್ಲಿ, ಬಹುಪಾಲು ಬಿಕ್ಕದೆ, ವರದಿ ಒಪ್ಪಿಸಿದಂತೆ ಹೇಳುತ್ತಾನೆ. ಹ್ಯಾನೆಟ್ ಕಟ್ಟಿದ ಕೋಣೆಗಳ ಗೋಡೆ ಅವರವರ ಮಧ್ಯೆ ನಿಂತಿದೆ. ಮೇಳ ನಾಲ್ವರದು, ಒಬ್ಬೊಬ್ಬನೂ ಒಂಟಿ. ಕೇಳುವವನಿಗೆ ಅಳಲು ಯಾರೂ ಹೇಳಿಕೊಡದ್ದರಿಂದ ಆ ಬರಿದಾದ ಜಾಗಕ್ಕೆ ಅವನು ತಾನೇ ಇಳಿಯಬೇಕಾಗುತ್ತದೆ. ನನ್ನನ್ನು ಮೂರನೆಯ ಸಲ ಊಟಕ್ಕೆ ಏಳಗೊಡದೆ ಹಿಡಿದದ್ದು ಅದು. ಸತ್ತವನ ನೆನಪಲ್ಲ, ಆ ಜಾಗ.

ಇದನ್ನು ಕಂಡುಕೊಂಡೆನೆಂದು ಸ್ವಲ್ಪ ಹಿಗ್ಗಿದ್ದೆ. ಆಮೇಲೆ ಹುಕ್ 2012ರಲ್ಲಿ, ಸಮ್ನರ್ 2014ರಲ್ಲಿ ಬರೆದ ನೆನಪುಗಳನ್ನು ನೋಡಿದೆ. ಗೆಳೆಯನ ಮಾತುಗಳನ್ನು ತಾವು ಆಗ ಸರಿಯಾಗಿ ಕಿವಿಗೊಟ್ಟು ಕೇಳಲಿಲ್ಲ, ಅದು ಬರಿಯ ಹಾಡು ಎಂದುಕೊಂಡೆವು ಎಂಬುದು ಉಳಿದ ಮೂವರೂ ಒಂದಲ್ಲ ಒಂದು ರೀತಿಯಲ್ಲಿ ಹೇಳಿಕೊಂಡಿರುವ ಮಾತು. ಕೇಳಿದಾಗಲೆಲ್ಲ ‘ನಾನು ಚೆನ್ನಾಗಿದ್ದೇನೆ’ ಎನ್ನುತ್ತಿದ್ದನಂತೆ. 1980ರ ಏಪ್ರಿಲಿನಲ್ಲಿ ಅಪಾಯದ ಗುರುತುಗಳು ಬಹಿರಂಗವಾಗಿದ್ದಾಗಲೂ ಕಾರ್ಯಕ್ರಮಗಳು ನಿಲ್ಲಲಿಲ್ಲ. ನಾನು ಕಲೆಯ ಸಂಯಮವೆಂದು ಮೆಚ್ಚಿದ್ದ ದೂರ, ವಾದ್ಯಗಳು ಮಾತಿಗೆ ಕಿವಿಗೊಡದ ಆ ದೂರ, ಬರಿಯ ಕಲೆಯದಾಗಿರಲಿಲ್ಲ. ಅವರು ನಿಜವಾಗಿಯೂ ಕೇಳುತ್ತಿರಲಿಲ್ಲ. ಅವರನ್ನು ದೂರುವುದು ಸುಲಭ, ನ್ಯಾಯವಲ್ಲ. ಇಪ್ಪತ್ತೆರಡು ಇಪ್ಪತ್ತನಾಲ್ಕರ ಹುಡುಗರು, ಮಾರನೆಯ ಊರಿನ ಬಂಡಿಯ ಚಿಂತೆಯಲ್ಲಿದ್ದವರು. ನಮ್ಮ ಹಾಸ್ಟೆಲಿನ ಕೋಣೆಗಳಲ್ಲಿ, ಪಕ್ಕದ ಮಂಚದವನು ಬರೆಯುವ ಪದ್ಯವನ್ನು ಯಾರು ನಿಜವೆಂದು ಓದುತ್ತಾರೆ? ಹೀಗಾಗಿ ಈ ತಟ್ಟೆಯ ಚೆಲುವೂ ಆ ಬದುಕಿನ ಸೋಲೂ ಒಂದೇ ಬೇರಿನವು. ಸಾವಿನಿಂದ ಹಾಡು ಚೆನ್ನಾಯಿತೆಂಬುದು ಸುಳ್ಳು. ಹಾಡನ್ನು ಚೆನ್ನಾಗಿಸಿದ್ದು ಯಾವುದೋ ಅದನ್ನು ಬೀದಿಗಿಳಿದು ಕಂಡರೆ ಅದು ಚೆನ್ನಲ್ಲ ಎಂಬುದು ಮಾತ್ರ ನಿಜ. ಇವೆರಡನ್ನೂ ಒಟ್ಟಿಗೆ ಹಿಡಿದುಕೊಂಡು ಕೇಳುವುದನ್ನು ನಾನು ಇನ್ನೂ ಕಲಿಯುತ್ತಿದ್ದೇನೆ.

ಉಳಿದ ಮೂವರು ‘ನ್ಯೂ ಆರ್ಡರ್’ ಎಂಬ ಹೆಸರಿನಲ್ಲಿ ಮುಂದುವರಿದು 1981ರಲ್ಲಿ ‘ಮೂವ್‌ಮೆಂಟ್’ ಎಂಬ ತಟ್ಟೆ ತಂದರು. ಅದನ್ನೂ ಹ್ಯಾನೆಟ್ಟನೇ ನಿರ್ದೇಶಿಸಿದ. ಅದೇ ವಾದ್ಯಗಳು, ಅದೇ ಕೋಣೆಗಳು, ಹಾಡಲು ಸಮ್ನರ್ ಮತ್ತು ಹುಕ್. ಅದನ್ನು ಕೇಳಿದರೆ ಖಾಲಿ ಕುರ್ಚಿಯ ಸುತ್ತ ಕುಳಿತು ಊಟಮಾಡುವವರ ನೆನಪಾಗುತ್ತದೆ.

ರಜ ಮುಗಿದು ಕಾಲೇಜು ತೆರೆದ ಮೇಲೆ ಹುಡುಗ ಗ್ರಂಥಾಲಯದ ಮೆಟ್ಟಿಲ ಬಳಿ ಸಿಕ್ಕಿದ. ಇಷ್ಟನ್ನೂ ಅವನಿಗೆ ಹೇಳಿದೆ. ಅವನು ತಾಳ್ಮೆಯಿಂದ ಕೇಳಿದ, ನಾನು ಯಾವ ಹಾಡನ್ನು ಮೆಚ್ಚಿದೆನೆಂದೂ ಕೇಳಿದ. “ದಿ ಇಟರ್ನಲ್. ನಿನಗೆ?” ಎಂದೆ.

“ಐಸೊಲೇಷನ್ ಸರ್. ರೂಮಿನಲ್ಲಿ ದಿನಾ ಹಾಕುತ್ತೇವೆ. ಕುಣಿಯುವುದಕ್ಕೆ ಚೆನ್ನಾಗಿದೆ.”

“ಅದರ ಮಾತುಗಳನ್ನು ಕೇಳಿದ್ದೀಯಾ?”

“ಇಲ್ಲ ಸರ್” ಎಂದ.